ಹಗ್ಗ ಕೊಟ್ಟವಳು ನನ್ನ ಅಕ್ಕ

ಕುರುಗೋಡಿನ ನಮ್ಮ ಮನೆಯ ಮುಂದಿನ ಗೋಡೆಯಲ್ಲಿ ಒಂದು ತೂತಿತ್ತು. ಅಂಗಳದಿಂದ ನೋಡಿದರೆ ಅದು ಮೊಣಕಾಲೆತ್ತರಕ್ಕೆ ಕೂರಿಸಿದ ಕಲ್ಲಿನ ದೋಣಿ. ಬೀದಿಯಿಂದ ನೋಡಿದರೆ ಅದೇ ಕಲ್ಲು ಗೋಡೆಯಿಂದ ಗೇಣುದ್ದ ಹೊರಗೆ ಚಾಚಿಕೊಂಡಿತ್ತು. ಒಳಗಿನವರು ಬಾವಿಯಿಂದ ನೀರು ಸೇದಿ ದೋಣಿಗೆ ಹೊಯ್ದರೆ ಹೊರಗೆ ಕೊಡ ಹಿಡಿದವರಿಗೆ ನೀರು ಸಿಗುತ್ತಿತ್ತು. ಹೊಯ್ದವರ ಮುಖ ಹಿಡಿದವರಿಗೆ ಕಾಣುತ್ತಿರಲಿಲ್ಲ, ಹಿಡಿದವರ ಮುಖ ಹೊಯ್ದವರಿಗೆ ಕಾಣುತ್ತಿರಲಿಲ್ಲ. ಮನೆ ಕಟ್ಟಿದವರು ದೇವರ ಕೋಣೆ ಎಲ್ಲಿರಬೇಕು, ಒಲೆಯ ಹೊಗೆ ಎಲ್ಲಿಂದ ಹೋಗಬೇಕು ಎಂದು ಎಷ್ಟು ಯೋಚಿಸಿದ್ದರೋ ಅಷ್ಟೇ ಜಾಗ್ರತೆಯಿಂದ ಈ ತೂತನ್ನೂ ಯೋಚಿಸಿ ಕಟ್ಟಿದ್ದರು. ಊರ ಹೊರಗಿನ ಕೇರಿಯವರು ಬಾವಿ ಮುಟ್ಟುವಂತಿರಲಿಲ್ಲ, ಅವರಿಗಾಗಿ ಈ ವ್ಯವಸ್ಥೆ. ಬೇಸಿಗೆ ಬಿಟ್ಟು ಉಳಿದ ತಿಂಗಳುಗಳಲ್ಲಿ ಅವರು ಕಾಲುವೆಯ ನೀರು ಕುಡಿಯುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆ ನಿಲ್ಲಿಸಿದ ಮೇಲೆ ಸುತ್ತಲಿನ ಬಾವಿಗಳೆಲ್ಲ ಸವಳು ನೀರಿನವು. ಸಿಹಿ ನೀರು ಇದ್ದದ್ದು ನಮ್ಮ ಅಂಗಳದಲ್ಲಿ ಮಾತ್ರ.

ಅಜ್ಜಿಗೆ ಇದು ಹೆಮ್ಮೆಯ ವಿಷಯ. ಬೆಳಿಗ್ಗೆ ಅವಳ ಲಿಂಗಪೂಜೆ ಮುಗಿಯುವ ತನಕ ಯಾರೂ ಹಗ್ಗ ಮುಟ್ಟಬಾರದು. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದು ಕೂತ ಮೇಲೆ ಹೊಯ್ಯುವ ಕೆಲಸ ಶುರು. ಹೊರಗೆ ಕಾದವರು ಬಾಯಿ ಮಾಡುವಂತಿರಲಿಲ್ಲ. ಸಣ್ಣ ಹರಳುಕಲ್ಲಿನಿಂದ ಕೊಡಕ್ಕೆ ಮೆಲ್ಲಗೆ ತಟ್ಟುತ್ತಿದ್ದರು. ಅಜ್ಜಿಗೆ ವಯಸ್ಸಾಗಿ ಕೈ ಸೋತಾಗ ಆ ಕೆಲಸ ಅಕ್ಕನಿಗೆ ಬಂತು. ನನ್ನ ಅಕ್ಕ ಶಾಂತ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಅವ್ವ ಹೊಲಕ್ಕೂ ಅಡುಗೆಗೂ ಓಡಾಡುತ್ತಿದ್ದುದರಿಂದ ನನಗೆ ತಲೆ ಬಾಚಿ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟವಳು ಅವಳೇ. ಅವಳು ನೀರು ಹೊಯ್ಯುವಾಗ ಹೊರಗಿನವರ ಸಂಗಡ ಮಾತಾಡುತ್ತಿದ್ದಳು. ಕೊಡದ ಸಪ್ಪಳದ ಮೇಲೆ ಯಾರು ಬಂದಿದ್ದಾರೆಂದು ಹೇಳುತ್ತಿದ್ದಳು. ಅವರಲ್ಲಿ ಹುಲಿಗೆಮ್ಮ ಎಂಬುವಳು ಅಕ್ಕನ ಓರಗೆಯವಳು, ಆಗಲೇ ಕಂಕುಳಲ್ಲಿ ಒಂದು ಕೂಸು. ಅವಳ ಕೊಡದ ಕಂಠ ಸ್ವಲ್ಪ ಸೀಳಿತ್ತು, ನೀರು ಬಿದ್ದರೆ ಒಡಕು ದನಿ ಬರುತ್ತಿತ್ತು.

“ಏನವ್ವ ಹುಲಿಗೆಮ್ಮ, ಇವತ್ತೂ ಅದ ಒಡಕ ಕೊಡ ತಂದೀಯೇನು?”

“ಹೊಸಾದು ತಂದ್ರ ನಿಮಗ ನನ್ನ ಗುರ್ತ ಹೆಂಗ ಸಿಗಬೇಕ್ರಿ ಅಕ್ಕಾರ? ನಿಮ್ಮ ಮಾರಿ ನಾ ನೋಡಿಲ್ಲ, ನನ್ನ ಮಾರಿ ನೀವು ನೋಡಿಲ್ಲ. ಕೊಡದ ಮ್ಯಾಲ ಸಂಸಾರ ನಡದೈತಿ.”

ಇಬ್ಬರೂ ಗೋಡೆಯ ಆಚೀಚೆ ನಿಂತು ನಗುತ್ತಿದ್ದರು. ಕಟ್ಟೆಯ ಮೇಲಿನಿಂದ ಅಜ್ಜಿ ಕೆಮ್ಮುತ್ತಿದ್ದಳು. ಆ ಕೆಮ್ಮಿಗೆ ನಗು ನಿಲ್ಲಬೇಕೆಂಬ ಅರ್ಥವಿತ್ತು.

ಆ ಬೇಸಿಗೆಯಲ್ಲಿ ಅಕ್ಕನಿಗೆ ಮೈಮೇಲೆ ಅಮ್ಮ ಎದ್ದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಅವಳನ್ನು ಕಾಳಿನ ಕೋಣೆಯಲ್ಲಿ ಮಲಗಿಸಿದರು. ನೀರು ಹೊಯ್ಯುವುದನ್ನು ಅವಳು ನನಗೆ ಒಪ್ಪಿಸಿದಳು. ನನಗೆ ಆಗ ಹತ್ತೋ ಹನ್ನೊಂದೋ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಡಿಸಿದ್ದರು, ಮನೆಗೆಲಸ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮೊದಲ ದಿನ ಹುರುಪಿನಿಂದ ಹೊಯ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಆಮೇಲೆ ಎರಡು ಬಕೆಟ್ ಹೊಯ್ದು ಹಿತ್ತಲ ಬಾಗಿಲಿನಿಂದ ಆಡಲು ಓಡುತ್ತಿದ್ದೆ. ಕೊನೆಗೆ ಅದೂ ಬಿಟ್ಟೆ. ಹೊರಗೆ ಹರಳು ತಟ್ಟುವ ಸಪ್ಪಳ ಕೇಳುತ್ತಿತ್ತು. ನಾನು ಕಿವಿ ಕೇಳದವಳಂತೆ ಕುಂಟೆಬಿಲ್ಲೆ ಆಡುತ್ತಿದ್ದೆ. ಕಾಳಿನ ಕೋಣೆಯ ಕತ್ತಲಲ್ಲಿ ಮಲಗಿದ್ದ ಅಕ್ಕನಿಗೂ ಆ ಸಪ್ಪಳ ಕೇಳುತ್ತಿತ್ತು ಎಂಬುದು ನನಗೆ ಹೊಳೆಯಲಿಲ್ಲ. ತಲೆಗೆ ನೀರು ಹಾಕಿಸಿಕೊಂಡು ಎದ್ದ ದಿನ ಅವಳು ದೋಣಿಯ ಹತ್ತಿರ ಹೋಗಿ ಹೊರಗಿನವರ ಸುದ್ದಿ ಕೇಳಿ ಬಂದು ಅಡುಗೆಮನೆಯಲ್ಲಿ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿದಳು.

“ಈಕಿ ಆಡಾಕ ಹೋಗಿದ್ದಕ್ಕ ಅವರು ಕಾಲುವಿ ಗುಂಡ್ಯಾಗ ನಿಂತಿದ್ದ ಕೆಸರು ಸೋಸಿ ಕುಡದಾರ. ಹುಲಿಗೆಮ್ಮನ ಕೂಸು ವಾಂತಿ ಭೇದಿ ಆಗಿ ಈಗ ಸ್ವಲ್ಪ ಕಣ್ಣು ಬಿಟ್ಟೈತಿ. ಗೌರಿ, ನಿನ್ನ ಕೈಯಾಗ ಏನ ಕೊಟ್ಟರೂ ಅಷ್ಟ.”

ಹೊಡೆದಿದ್ದರೆ ಮರೆಯುತ್ತಿದ್ದೆ. ಅವಳು ಹೊಡೆಯಲಿಲ್ಲ, ಆಮೇಲೆ ಎಷ್ಟೋ ದಿನ ನನ್ನ ಸಂಗಡ ಮಾತಾಡಲಿಲ್ಲ. ತಲೆಯನ್ನು ಅವ್ವ ಬಾಚುತ್ತಿದ್ದಳು, ಬಿಗಿಯಾಗಿ, ಕಣ್ಣಲ್ಲಿ ನೀರು ಬರುವಂತೆ. ಹೊರಗಿನ ಕೂಸಿಗಾಗಿ ಒಡಹುಟ್ಟಿದವಳನ್ನು ಬಿಟ್ಟಳಲ್ಲ ಎಂದು ನನ್ನೊಳಗೆ ಒಂದು ಉರಿ ಹತ್ತಿತು. ಅದನ್ನು ಇಲ್ಲಿ ಹೇಳಲೇಬೇಕು. ಮುಂದೆ ನಾನು ಮಾಡಿದ್ದಕ್ಕೆ ಅವ್ವನ ಮಾತೊಂದೇ ಕಾರಣ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು.

ಅಕ್ಕ ಮತ್ತೆ ಹೊಯ್ಯಲು ನಿಂತ ಬೆಳಿಗ್ಗೆ ನಾನು ಕಟ್ಟೆಯ ಪಕ್ಕ ಬೂದಿಯಲ್ಲಿ ಚರಿಗೆ ತಿಕ್ಕುತ್ತಿದ್ದೆ. ಒಡಕು ಕೊಡದ ದನಿ ಬಂತು.

“ಆರಾಮಾದ್ರೇನ್ರಿ ಅಕ್ಕಾರ?”

“ಆದೆ. ಕೂಸು ಹೆಂಗೈತಿ?”

“ಬದುಕೇತ್ರಿ.” ಅವಳು ಕೊಡ ಸರಿಸಿಕೊಂಡ ಸಪ್ಪಳ ಕೇಳಿತು. “ಒಂದು ಮಾತು ಹೇಳ್ಲೇನ್ರಿ, ಸಿಟ್ಟಾಗಬ್ಯಾಡ್ರಿ. ನಿಮಗ ಜ್ವರ ಬಂದ್ರ ನಮ್ಮ ಗಂಟಲ ಒಣಗತಾವು. ನೀವು ಭಾಳ ಒಳ್ಳೇರು. ನೀವು ಒಳ್ಳೇರು ಇರಾದಕ್ಕ ನಮ್ಮ ಗಂಡಸರು ಸುಮ್ಮನ ಅದಾರ. ನೀರು ಬ್ಯಾಡ್ರಿ ಅಕ್ಕಾರ. ಒಮ್ಮಿ ಹಗ್ಗ ಕೈಗೆ ಕೊಡ್ರಿ.”

ಅವಳು ನಗುತ್ತಲೇ ಹೇಳಿದಳು. ಅಕ್ಕ ನಗಲಿಲ್ಲ. ತುಂಬಿದ ಬಕೆಟ್ಟನ್ನು ದೋಣಿಯ ಮೇಲೆ ಹಿಡಿದುಕೊಂಡು ಹಾಗೇ ನಿಂತಳು. ಪ್ರತಿದಿನ ಹೊಯ್ದು ತಾನು ಏನೋ ದೊಡ್ಡದು ಮಾಡುತ್ತಿದ್ದೇನೆ ಎಂದು ಅವಳು ಅಂದುಕೊಂಡಿದ್ದಿರಬೇಕು. ನಮ್ಮ ಬೀದಿಯೆಲ್ಲ ಹಾಗೇ ಹೊಗಳುತ್ತಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ಪುಂಡಿಪಲ್ಯ, ಜೋಳದ ರೊಟ್ಟಿ. ಅಪ್ಪ ಹೊಲದಿಂದ ಬಂದು ಕೂತಿದ್ದ. ಅಪ್ಪ ಒಳ್ಳೆಯವನು, ಆದರೆ ಜಗಳ ಎಂದರೆ ಅವನಿಗೆ ಹೊಟ್ಟೆ ಕೆಡುತ್ತಿತ್ತು, ನಿಜವಾಗಿಯೂ ಕೆಡುತ್ತಿತ್ತು. ಅಕ್ಕ ರೊಟ್ಟಿ ಬಡಿಸುತ್ತ ಅಜ್ಜಿಯನ್ನು ಕೇಳಿದಳು.

“ಅಜ್ಜಿ, ಬಾವಿ ಹೂಳು ತೆಗಿಯಾಕ ವರ್ಷಾ ಯಾರು ಇಳೀತಾರ?”

“ಕೇರ್ಯಾಗಿನವರು ಇಳೀತಾರ. ನಿಮ್ಮಪ್ಪ ಇಳೀತಾನೇನು?”

“ಅವಾಗ ಅವರ ಕಾಲು ನೀರಾಗ ಇರ್ತಾವ. ಬಾವಿ ಏನೂ ಆಗಂಗಿಲ್ಲ. ಹೆಣ್ಣುಮಕ್ಕಳು ಹಗ್ಗ ಹಿಡಿದ್ರ ಏನಾಗ್ತೈತಿ?”

ಅಜ್ಜಿ ತುತ್ತು ನುಂಗಿ, ಮಗುವಿಗೆ ಹೇಳುವಂತೆ ಹೇಳಿದಳು:

“ಅದು ಕೆಲಸ. ಇದು ನೀರು.”

ಅಪ್ಪ ಅರ್ಧ ರೊಟ್ಟಿ ಬಿಟ್ಟು ಚರಿಗೆ ತಗೊಂಡು ಎದ್ದ. ಅಲ್ಲಿಗೆ ಆ ಮಾತು ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಕೆಲವು ದಿನಗಳ ಮೇಲೆ, ಅಜ್ಜಿ ಇನ್ನೂ ದೇವರ ಕೋಣೆಯಲ್ಲಿದ್ದಾಗ, ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಾಗ, ಅಕ್ಕ ಬೀದಿಬಾಗಿಲಿನ ಅಗುಳಿ ತೆಗೆದಳು. ನಾನು ಪಡಸಾಲೆಯ ಕಂಬದ ಮರೆಯಲ್ಲಿ ಕೂತಿದ್ದೆ, ಹೊರಗಿನಿಂದ ಬಂದವರಿಗೆ ಕಾಣುತ್ತಿರಲಿಲ್ಲ. ಹೊಸ್ತಿಲಾಚೆ ತೆಳ್ಳಗಿನ, ಎತ್ತರದ ಹೆಂಗಸು ಕೊಡ ಹಿಡಿದು ನಿಂತಿದ್ದಳು. ಅವಳನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ಒಳಗ ಬಾ.”

“ಬ್ಯಾಡ್ರಿ ಅಕ್ಕಾರ. ನಾ ಅವತ್ತು ಚ್ಯಾಷ್ಟಿಗೆ ಅಂದಿದ್ದೆ.”

“ನಾ ಚ್ಯಾಷ್ಟಿಗೆ ಕೇಳಿಲ್ಲ. ಬಾ.”

ಅಕ್ಕ ಅವಳ ಮುಂಗೈ ಹಿಡಿದು ಬಾವಿಯ ತನಕ ಕರೆತಂದು ಹಗ್ಗವನ್ನು ಅಂಗೈಯಲ್ಲಿಟ್ಟಳು. ಹುಲಿಗೆಮ್ಮ ಮೊದಲು ಬಾವಿಯೊಳಗೆ ಬಗ್ಗಿ ನೋಡಿದಳು.

“ಇಷ್ಟ ಐತೇನ್ರಿ? ನಾ ಭಾಳ ದೊಡ್ಡದು ಅನ್ಕಂಡಿದ್ದೆ.”

ಬಾವಿಯ ಮೇಲಿನ ಗಡಗಡಿ ಅವಳ ಕೈಯಲ್ಲಿ ಬೇರೆ ಥರ ಸಪ್ಪಳ ಮಾಡಿತು. ಜೋರಾಗಿ ಎಳೆದದ್ದಕ್ಕೆ ಬಕೆಟ್ ಕಲ್ಲಿಗೆ ಬಡಿದು ಅರ್ಧ ನೀರು ಚೆಲ್ಲಿ ಇಬ್ಬರ ಸೀರೆಗಳೂ ತೊಯ್ದವು. ಇಬ್ಬರೂ ನಕ್ಕರು, ಈ ಸಲ ನಡುವೆ ಗೋಡೆ ಇರಲಿಲ್ಲ. ಆ ನಗುವಿಗೆ ಪಕ್ಕದ ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಿದ್ದವಳು ಇಣುಕಿ ನೋಡಿದಳು. ಹುಲಿಗೆಮ್ಮ ಕೊಡ ತುಂಬಿಕೊಂಡು ಹೋಗುವಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಗಿತ್ತು. ಮಾಳಿಗೆಯಿಂದ ಕಂಡದ್ದು ಹಗ್ಗ ಹಿಡಿದ ಹುಲಿಗೆಮ್ಮ ಮಾತ್ರ, ಅಕ್ಕ ಗೋಡೆಯ ಮರೆಗಿದ್ದಳು. ಅವಳು ಹೇಗೆ ಒಳಗೆ ಬಂದಳೆಂದು ನೋಡಿದ್ದು ನಾನೊಬ್ಬಳೇ.

ಸಂಜೆ ನಮ್ಮ ಪಡಸಾಲೆಯಲ್ಲಿ ದೈವ ಕೂಡಿತು. ಊರ ಹಿರಿಯರು ಸೇರುವುದಕ್ಕೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅದಕ್ಕೆ ಮೊದಲು ಅವ್ವ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಬಿಸಿ ರೊಟ್ಟಿಯಲ್ಲಿ ಬೆಲ್ಲ ತುಪ್ಪ ಸುತ್ತಿ ಕೊಟ್ಟಳು.

“ಸಿರುಗುಪ್ಪದಾಗ ಅಕ್ಕಗ ಗಂಡು ಗೊತ್ತಾಗೈತಿ. ಈ ಸುದ್ದಿ ಹೋತಂದ್ರ ಮುರೀತದ. ಬಾಗಲಾ ತೆಗದಿತ್ತು, ಆಕಿನ ಒಳಗ ಬಂದ್ಲು, ಅಕ್ಕ ಹಿತ್ತಲದಾಗ ಇದ್ಲು. ಇಷ್ಟ ಹೇಳು. ಅಕ್ಕನ ಬಾಳೇವು ನಿನ್ನ ಬಾಯಾಗ ಐತಿ.”

ಹಿರಿಯರು ಕಂಬಳಿಯ ಮೇಲೆ ಕೂತಿದ್ದರು. ಅಪ್ಪ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದ್ದ. ಎಲ್ಲರಿಗೂ ದೊಡ್ಡವರಾದ ಪಂಪನಗೌಡರು ಇನ್ನೂ ಕೇಳುವ ಮುಂಚೆಯೇ ಅಕ್ಕ ಅಡುಗೆಮನೆಯ ಬಾಗಿಲು ದಾಟಿ ಬಂದು ನಿಂತಳು.

“ಆಕೀದೇನೂ ತಪ್ಪಿಲ್ರಿ. ನಾನ ಕರದೆ. ಹಗ್ಗ ನಾನ ಕೊಟ್ಟೆ.”

ಯಾರಾದರೂ ಬೈಯುತ್ತಾರೆಂದು ನಾನು ಕಾದೆ. ಪಂಪನಗೌಡರು ತಲೆದೂಗಿದರು. ಅವರ ಕಣ್ಣಲ್ಲಿ ಮೆಚ್ಚುಗೆಯೇ ಇತ್ತು.

“ನೋಡ್ರಿ, ಎಂಥಾ ಮನಸು ಕೂಸಿಂದು. ಬಡವಿ ಉಳೀಲಿ ಅಂತ ತಪ್ಪು ತನ್ನ ಮ್ಯಾಲ ಹಾಕ್ಕಳಾಕತ್ತಾಳ. ಬಸಣ್ಣ, ನಿನ್ನ ಮಗಳು ಪುಣ್ಯವಂತಿ ಅದಾಳ ನೋಡು. ಒಳಗ ಹೋಗವ್ವ.”

“ಇಲ್ರಿ, ಖರೇನ ನಾನ—”

“ಆತವ್ವ, ಆತು. ಗೊತ್ತೈತಿ ನಮಗ ನಿನ್ನ ಗುಣ.”

ಇಷ್ಟು ವರ್ಷ ನೀರು ಹೊಯ್ದು ಗಳಿಸಿದ ಒಳ್ಳೆಯ ಹೆಸರೇ ಅವಳ ಬಾಯಿ ಮುಚ್ಚಿಸಿತು. ಅವಳು ಎಷ್ಟು ಹೇಳಿದರೂ ಅದು ಅವಳ ದೊಡ್ಡ ಗುಣವಾಗುತ್ತಿತ್ತೇ ಹೊರತು ನಿಜವಾಗುತ್ತಿರಲಿಲ್ಲ. ಆಗ ಅವರು ನನ್ನನ್ನು ಕರೆದರು. ಅಕ್ಕ ನನ್ನ ಕಡೆ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಆವಾಗಲೇ, ನನ್ನಿಂದ ಏನೋ ಬೇಕಾಗಿದೆ ಎಂಬಂತೆ. ನಾನು ಕಂಬಳಿಯ ಅಂಚು ನೋಡುತ್ತ ಅವ್ವ ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೇಳದಿದ್ದರೂ ಇನ್ನೊಂದು ಸೇರಿಸಿದೆ:

“ಯಾರಿಲ್ಲ ಅಂತ ಆಚೀಚಿ ನೋಡಿ ಒಳಗ ಬಂದ್ಲು.”

ಅದನ್ನು ಅವ್ವ ಹೇಳಿಕೊಟ್ಟಿರಲಿಲ್ಲ. ಅಷ್ಟು ಜನ ಗಂಡಸರು ನನ್ನ ಮಾತಿಗೆ ಕಿವಿಗೊಟ್ಟಿದ್ದರು, ಅಕ್ಕನ ಮಾತನ್ನು ತೆಗೆದುಹಾಕಿ ನನ್ನದನ್ನು ನಂಬಿದ್ದರು. ನನಗೆ ಆಗ ಖುಷಿಯಾಯಿತು. ಹೆದರಿಕೆಯಲ್ಲ, ಖುಷಿ. ಈ ವಯಸ್ಸಿನಲ್ಲೂ ಆ ಖುಷಿಯ ನೆನಪು ಬಂದರೆ ಊಟ ಸೇರುವುದಿಲ್ಲ.

ಕೇರಿಯವರನ್ನು ದೈವಕ್ಕೆ ಕರೆಯುವ ಪದ್ಧತಿ ಇರಲಿಲ್ಲ. ತೀರ್ಪನ್ನು ತಳವಾರ ಹೋಗಿ ಹೇಳಿ ಬಂದ. ಹುಲಿಗೆಮ್ಮನ ಗಂಡನಿಗೆ ಊರಲ್ಲಿ ಯಾರೂ ಕೆಲಸ ಕೊಡಬಾರದು. ದೋಣಿಯ ತೂತು ಮುಚ್ಚಬೇಕು. ಬಾವಿಯ ನೀರು ಎತ್ತಿ ಚೆಲ್ಲಿ ಶುದ್ಧಿ ಮಾಡಬೇಕು. ಮರುದಿನ ನೀರು ಚೆಲ್ಲಿ ತಳ ತೊಳೆಯಲು ಇಳಿದವರು ಅದೇ ಕೇರಿಯ ಗಂಡಸರು. ಅವರು ಮೇಲೆ ಬಂದ ಮೇಲೆ ಅಜ್ಜಿ ಬಿಲ್ವಪತ್ರೆ, ವಿಭೂತಿ ಹಾಕಿ ಕೈಮುಗಿದಳು. ಅದನ್ನು ನೋಡುತ್ತ ಅಕ್ಕ ಕಿಟಕಿಯ ಹತ್ತಿರ ನಿಂತಿದ್ದಳು. ಅವಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಮಧ್ಯಾಹ್ನ ಅವಳು ನನ್ನನ್ನು ಕಾಳಿನ ಕೋಣೆಗೆ ಕರೆದಳು. ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡಳು.

“ಆಗಿದ್ದು ಆತು ಗೌರಿ. ಒಂದು ಕೆಲಸ ಮಾಡು. ಅವರು ಊರು ಬಿಡಾಕತ್ತಾರಂತ. ಹೋಗಿ ಹುಲಿಗೆಮ್ಮಗ ಹೇಳು. ಅಕ್ಕ ದೈವದ ಮುಂದ ಖರೇ ಹೇಳಿದ್ಲು, ಯಾರೂ ನಂಬಲಿಲ್ಲ ಅಂತ. ಇಷ್ಟ. ಮತ್ತೇನೂ ಬ್ಯಾಡ.”

ನಾನು ಹೊರಟೆ. ಕೇರಿಯ ಹಾದಿಯ ಹುಣಸೆಮರದ ತನಕ ಹೋದೆ. ಅಲ್ಲಿಂದ ಅವಳ ಗುಡಿಸಲು ಕಾಣುತ್ತಿತ್ತು. ಗಂಡ ತಟ್ಟಿ ಸುತ್ತುತ್ತಿದ್ದ, ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು, ಒಡಕು ಕೊಡ ಗಂಟಿನ ಮೇಲಿತ್ತು. ಹೋಗಿ ಹೇಳಿದರೆ, ಹಾಗಾದರೆ ಸುಳ್ಳು ಹೇಳಿದ್ದು ಯಾರು ಎಂದು ಅವಳು ಕೇಳುತ್ತಿದ್ದಳು. ಮರದ ಕೆಳಗೆ ಹುಣಸೆಕಾಯಿ ಆರಿಸುತ್ತ ಸ್ವಲ್ಪ ಹೊತ್ತು ಕಳೆದು ವಾಪಸು ಬಂದೆ.

“ಹೇಳಿದೇನು?”

“ಹೇಳಿದೆ.”

“ಏನಂದ್ಲು?”

“ಅಕ್ಕಾರಿಗೆ ಅಳಬ್ಯಾಡ ಅನ್ರಿ, ನಂಗ ಗೊತ್ತೈತಿ ಅಂದ್ಲು.”

ಅಕ್ಕ ಗೋಡೆಗೆ ತಲೆ ಒರಗಿಸಿ ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಗೋಡೆಯ ತೂತಿಗೆ ಕಲ್ಲು ಜಡಿದು ಗಚ್ಚು ಮೆತ್ತಿದರು. ಆ ಬೇಸಿಗೆಯೇ ಅವಳ ಲಗ್ನವಾಯಿತು.

ಸಿರುಗುಪ್ಪದ ಅವಳ ಮನೆ ಅಕ್ಕಿ ಗಿರಣಿಗಳ ಕಡೆ ಇತ್ತು. ಸೀರೆ, ಹಾಸಿಗೆ, ಊಟ ಎಲ್ಲಕ್ಕೂ ಕುದಿಸಿದ ಭತ್ತದ ವಾಸನೆ. ಗಂಡ ಕೆಟ್ಟವನಲ್ಲ. ಆದರೆ ಅಕ್ಕ ಮತ್ತೆ ಯಾವುದಕ್ಕೂ ಮುಂದೆ ನಿಲ್ಲಲಿಲ್ಲ. ಅಲ್ಲಿಯ ಹಿತ್ತಲಲ್ಲೂ ಕೂಲಿಯ ಹೆಂಗಸರಿಗೆ ಚಹಾ ಕೊಡುವ ತೆಂಗಿನ ಚಿಪ್ಪುಗಳು ಬೇರೆ ಇದ್ದವು. ಅವಳು ಅವನ್ನು ನೋಡುತ್ತಿದ್ದಳು, ಚಹಾ ಹೊಯ್ಯುತ್ತಿದ್ದಳು. ನಾನು ಹೋದಾಗಲೆಲ್ಲ, ಕೈಕೆಲಸ ಮುಗಿಸಿ ಪಕ್ಕ ಕೂತಾಗ, ಒಂದೇ ಮಾತು ಕೇಳುತ್ತಿದ್ದಳು.

“ಹುಲಿಗೆಮ್ಮ ಅವತ್ತು ಏನಂದ್ಲು, ಇನ್ನೊಮ್ಮಿ ಹೇಳು.”

ನಾನು ಹೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಅವಳ ಹತ್ತಿರ ಉಳಿದದ್ದು ಅಷ್ಟೇ. ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ನನ್ನನ್ನು ಬಳ್ಳಾರಿಗೆ ಕೊಟ್ಟರು. ಗಂಡ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಗಾಂಧಿನಗರದ ಹಿಂದೆ ಒಂದು ಬಾಡಿಗೆ ಕೋಣೆ, ಬೀದಿಯ ತುದಿಯಲ್ಲಿ ನಲ್ಲಿ. ಅಲ್ಲಿ ಎಲ್ಲ ಜಾತಿಯ ಕೊಡಗಳೂ ಒಂದೇ ಸಾಲಿನಲ್ಲಿ ಇರುತ್ತಿದ್ದವು. ಆದರೂ ಕೆಲವರು ಹಿಡಿದ ಮೇಲೆ ನಾವು ಕೆಲವರು ನಲ್ಲಿಯ ಬಾಯಿಗೆ ಎರಡು ಬೊಗಸೆ ನೀರು ಎರಚಿ ತೊಳೆದು ಆಮೇಲೆ ನಮ್ಮ ಕೊಡ ಇಡುತ್ತಿದ್ದೆವು. ಯಾರೂ ಕಲಿಸಿದ್ದಲ್ಲ, ಕೈ ತಾನೇ ಹೋಗುತ್ತಿತ್ತು. ಒಂದು ದಿನ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಗಾರೆ ಕೆಲಸದ ಹೆಂಗಸೊಬ್ಬಳು ಪ್ಲಾಸ್ಟಿಕ್ ಕೊಡ ತುಂಬಿಕೊಂಡು ಎತ್ತಿದಳು. ನಾನು ಹಿಂದಿನವಳಿಗೆ “ಸ್ವಲ್ಪ ತಡೀರಿ” ಎಂದು ಹೇಳಿ ನಲ್ಲಿ ತೊಳೆದೆ. ಗಾರೆ ಕೆಲಸದವಳು ಹೋಗಲಿಲ್ಲ. ನನ್ನ ಕೈಯನ್ನೇ ನೋಡಿದಳು.

“ಯಾವೂರ್ರಿ ನಿಮ್ದು? ಈ ದನಿ ನಾ ಕೇಳೀನಿ. ಕುರುಗೋಡೇನ್ರಿ? ಶಾಂತಮ್ಮಾರೇನು?”

ನನ್ನ ದನಿ ಅಕ್ಕನದರಂತೆಯೇ ಇದೆ ಎಂದು ಎಲ್ಲರೂ ಅನ್ನುತ್ತಿದ್ದರು.

“ಅಲ್ಲ. ಆಕಿ ತಂಗಿ.”

“ಆಕಿಗೆ ತಂಗಿ ಇದ್ಲೇನು? ಗೊತ್ತ ಇರಲಿಲ್ಲ ನೋಡ್ರಿ.” ಹುಲಿಗೆಮ್ಮ ಕೊಡವನ್ನು ಸೊಂಟಕ್ಕೆ ಸರಿಮಾಡಿಕೊಂಡಳು. ಕೂದಲು ನೆರೆತಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ. “ಅವತ್ತು ತಳವಾರ ಬಂದು, ಆ ಮನಿ ಹುಡುಗೀನ ಹೇಳ್ಯಾಳ, ನೀನು ಕದ್ದು ಒಳಗ ಬಂದೀ ಅಂತ ಅಂದ. ನಂಗ ಆ ಮನ್ಯಾಗ ಗೊತ್ತಿದ್ದ ಹುಡುಗಿ ಒಬ್ಬಾಕಿನ. ಕೈ ಹಿಡದು ಕರಕೊಂಡು ಹೋದಾಕಿ ಹಂಗ ಹೇಳ್ಯಾಳ ಅಂದ್ರ ಇನ್ನ ಯಾರನ್ನ ನಂಬಬೇಕ್ರಿ? ಆಮ್ಯಾಲ ಯಾರು ಕರದ್ರೂ ನಾ ಯಾರ ಮನಿಯೊಳಗೂ ಹೋಗಿಲ್ಲ. ಆರಾಮ ಅದಾಳೇನು?”

“ಅದಾಳ.”

“ಇರಲಿ. ಒಳ್ಳೇಕಿ ಅನ್ಕಂಡಿದ್ದೆ.”

ಹಿಂದಿನವರು ಗಲಾಟೆ ಮಾಡುತ್ತಿದ್ದರು. ನನ್ನ ಕೊಡ ತುಂಬಿ ಹರಿಯುತ್ತಿತ್ತು. ಅವಳು ಕಟ್ಟಡದ ಕಡೆ ಹೋಗುವ ತನಕ ನಾನು ನಲ್ಲಿ ಹಿಡಿದುಕೊಂಡು ನಿಂತೆ. ಹಾಗೆ ಹೇಳಿದ ಹುಡುಗಿ ನಾನು ಎನ್ನಲು ಒಂದು ಉಸಿರು ಸಾಕಾಗಿತ್ತು. ಕೂಸಿನ ಬಗ್ಗೆ ಕೂಡ ಕೇಳಲಿಲ್ಲ. ಮುಂದಿನ ವಾರ ಆ ಕಟ್ಟಡದ ಕೆಲಸ ಮುಗಿದು ಕೂಲಿಯವರು ಬೇರೆ ಕಡೆ ಹೋಗಿದ್ದರು. ಒಬ್ಬರಿಂದ ಏನಾಗುತ್ತದೆ ಎಂದು ಈಗ ನನ್ನ ಮೊಮ್ಮಕ್ಕಳು ಮಾತಾಡಿಕೊಳ್ಳುತ್ತಾರೆ. ಒಬ್ಬರಿಂದ ಒಂದು ಬಾಗಿಲು ತೆರೆದದ್ದನ್ನು ನಾನು ನೋಡಿದ್ದೇನೆ. ಅದನ್ನು ಮುಚ್ಚುವುದಕ್ಕೂ ಒಬ್ಬರೇ ಸಾಕಾಯಿತು.

ಅಕ್ಕನಿಗೆ ಕಾಮಾಲೆ ಬಲಿತು ಹಾಸಿಗೆ ಹಿಡಿದಾಗ ಸಿರುಗುಪ್ಪಕ್ಕೆ ಹೋದೆ. ಕಣ್ಣು, ಉಗುರು ಎಲ್ಲ ಹಳದಿ. ಮಕ್ಕಳು ಹೊರಗೆ ಹೋಗಿದ್ದರು, ನಾವಿಬ್ಬರೇ ಇದ್ದೆವು. ನನ್ನನ್ನು ಗುರುತಿಸಿ ಪಕ್ಕ ಕೂರಲು ಕಣ್ಸನ್ನೆ ಮಾಡಿದಳು. ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಕೂತು ಬರುವಾಗ ಪೂರ್ತಿ ಹಾದಿ, ಈ ಸಲ ಹೇಳುತ್ತೇನೆ, ಈ ಸಲ ಹೇಳುತ್ತೇನೆ ಎಂದುಕೊಂಡೇ ಬಂದಿದ್ದೆ.

“ಏನಂದ್ಲು ಗೌರಿ ಆಕಿ?”

“ಅಳಬ್ಯಾಡ ಅನ್ರಿ, ನಂಗ ಗೊತ್ತೈತಿ ಅಂದ್ಲು.”

ಅವಳು ಕಣ್ಣು ಮುಚ್ಚಿದಳು. ತುಟಿ ಒಣಗಿದ್ದವು. ನಾನು ಲೋಟ ತಂದು, ಗದ್ದ ಹಿಡಿದು, ಮೇಲಿನಿಂದ ಸ್ವಲ್ಪ ಸ್ವಲ್ಪ ಹೊಯ್ಯಲು ಹೋದೆ. ಅವಳು ಮುಖ ತಿರುಗಿಸಿದಳು.

“ಹೊಯ್ಯಬ್ಯಾಡ. ಕೈಗೆ ಕೊಡು.”

ಕೊಟ್ಟೆ. ಲೋಟ ಹಿಡಿಯುವ ಶಕ್ತಿ ಅವಳ ಬೆರಳಿಗೆ ಇರಲಿಲ್ಲ. ನೀರೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು. ನಾನು ಸೆರಗಿನಿಂದ ಒರೆಸುತ್ತ ಕೂತೆ.